ದಾದಿ ಕುರ್ಚಿಯ ಮೇಲೆ ಕೂತ ಮಳೆಗಾಲ

ಈ ಸಲ ರಜೆಗೆ ಮನೆಗೆ ಹೋದಾಗ ಹಿತ್ತಿಲಲ್ಲಿ ಹೀರೆ ಬಳ್ಳಿ ಹುಲುಸಾಗಿ ಹಬ್ಬಿತ್ತು. ಹಬ್ಬಿದ್ದು ಚಪ್ಪರಕ್ಕಲ್ಲ, ವಾಕರಿಗೆ. ಆಪರೇಷನ್ ಆದವರು ಹಿಡಿದುಕೊಂಡು ನಡೆಯುವ ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಇರುತ್ತದಲ್ಲ, ಅದಕ್ಕೆ. ಅದರ ಹಿಡಿಕೆಯಿಂದ ಎಳೆಯ ಹೀರೇಕಾಯಿ ಜೋತಾಡುತ್ತಿದ್ದವು.

"ಅಮ್ಮಿ, ಇದನ್ಯಾಕ ಬಳ್ಳಿಗೆ ಕೊಟ್ಟೀರಿ?" ಎಂದೆ.

"ನಡಿಯಾಕಿ ನಡದು ಹೋದ್ಲು. ಇನ್ನ ಬಳ್ಳಿನರ ನಡೀಲಿ ಬಿಡು," ಎಂದಳು ಅಮ್ಮಿ ಒಳಗಿನಿಂದ.

ಆಗಷ್ಟೇ ಮಳೆ ನಿಂತಿತ್ತು. ಗಾಳಿ ತಿರುಗಿ ದಾಂಡೇಲಿ ಕಡೆಯಿಂದ ಕಾಗದದ ಕಾರ್ಖಾನೆಯ ವಾಸನೆ ತಂದಿತು. ಬೇಯಲು ಇಟ್ಟು ಮರೆತ ಎಲೆಕೋಸಿನಂಥ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಬಂದರೆ ಊರು ಬಂದಂತೆ. ನಮ್ಮಪ್ಪ, ಅಂದರೆ ಅಬ್ಬಾ, ಅಲ್ಲಿನ ಬಿದಿರಿನ ಯಾರ್ಡಿನಲ್ಲಿ ಲಾರಿ ಇಳಿಸಿ ಇಳಿಸಿಯೇ ನನ್ನನ್ನು ಓದಿಸಿದ್ದು. ಆ ವಾಸನೆ ಮೂಗಿಗೆ, ಆ ವಾಕರು ಕಣ್ಣಿಗೆ ಒಟ್ಟಿಗೇ ಬಿದ್ದದ್ದೇ ತಡ, ಗೆಳತಿ ಮರಿಯಾಮು ನಮ್ಮ ಮನೆಯಲ್ಲಿದ್ದ ಮಳೆಗಾಲ ಇಡಿಯಾಗಿ ಎದ್ದು ಬಂತು.

ಮೊದಲು ನಮ್ಮ ಬಗ್ಗೆ ಹೇಳಿಬಿಡುತ್ತೇನೆ. ನಾವು ಸಿದ್ದಿಗಳು. ಹಳಿಯಾಳ-ದಾಂಡೇಲಿ ರಸ್ತೆಯಿಂದ ಒಳಗೆ, ಕಾಡಿನ ಅಂಚಿಗೆ ನಮ್ಮ ಕೇರಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರೆಂದು ಪುಸ್ತಕಗಳು ಹೇಳುತ್ತವೆ. ನನ್ನ ದಾದಿಯನ್ನು ಕೇಳಿದರೆ "ನಾವು ಆ ಮಾವಿನ ಗಿಡದ ಬುಡದವರು" ಎಂದು ಅಂಗಳದ ಮರ ತೋರಿಸುತ್ತಾಳೆ. ಮನೆಯೊಳಗೆ ನಮ್ಮದು ಉರ್ದು, ಅಂಗಳಕ್ಕೆ ಇಳಿದರೆ ಕನ್ನಡ. ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡ ಶಾಲೆಗೆ ಹೋದ ಹೊಸತರಲ್ಲಿ ಪಾಠದಲ್ಲಿ ದಾದಿಯೊಬ್ಬಳು ರೋಗಿಗೆ ಔಷಧಿ ಕೊಡುವ ಸಾಲು ಬಂತು. ನಾನು ಥಟ್ಟನೆ ಕೈಯೆತ್ತಿ, "ಸರ, ನಮ್ಮ ಮನ್ಯಾಗೂ ಒಬ್ಬಾಕಿ ದಾದಿ ಅದಾಳ್ರಿ, ಆದ್ರ ಔಷಧ ಕೊಡೂದಿಲ್ಲ, ಬೈತಾಳ" ಎಂದೆ. ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. "ಏ ಹುಚ್ಚಿ, ಕನ್ನಡದಾಗ ದಾದಿ ಅಂದ್ರ ನರ್ಸ."

ಮನೆಗೆ ಬಂದು ದಾದಿಗೆ ಅದನ್ನು ಹೇಳಿದೆ. ಆಕೆ ಸೌದೆ ಕಟ್ಟುತ್ತಿದ್ದವಳು ತಲೆ ಎತ್ತದೆ ಅಂದಳು: "ಹಂಗಾದ್ರ ನೀನೂ ದಾದಿ ಆಗು. ಮನಿಗೆ ಒಬ್ಬಾಕಿ ಸಾಲೂದಿಲ್ಲ."

ಆದೆ. ಹಳಿಯಾಳದ ಹಾಸ್ಟೆಲಿನಲ್ಲಿದ್ದು ಓದಿ, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಪದವಿ ಮುಗಿಸಿದೆ. ನಮ್ಮ ಕೇರಿಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಕಾಲೇಜಿನ ಮೊದಲ ದಿನ ಪಕ್ಕದ ಬೆಂಚಿನವಳು ಇಂಗ್ಲಿಷಿನಲ್ಲಿ ಕೇಳಿದ್ದು, ನೀನು ಯಾವ ದೇಶದವಳು ಎಂದು. "ಹಳಿಯಾಳ ತಾಲೂಕಿನಾಕಿ ವಾ, ನಿಂದ್ಯಾವ ದೇಶ?" ಎಂದೆ. ಆ ಪ್ರಶ್ನೆ ಆಮೇಲೂ ನನ್ನ ಬೆನ್ನು ಬಿಡಲಿಲ್ಲ. ಮಸ್ಕತ್ತಿನ ಆಸ್ಪತ್ರೆಗೆ ಕೆಲಸಕ್ಕೆ ಹೋದಾಗಲೂ ಪಾಸ್‌ಪೋರ್ಟ್ ತೋರಿಸಿದರೇ ನಾನು ಭಾರತದವಳೆಂದು ನಂಬುತ್ತಿದ್ದುದು.

ಮರಿಯಾಮು ಸಿಕ್ಕಿದ್ದು ಅಲ್ಲೇ. ಕೀನ್ಯಾದ ಮೊಂಬಾಸಾದವಳು, ನನ್ನದೇ ವಾರ್ಡಿನ ನರ್ಸು, ನನಗಿಂತ ಹಿರಿಯಳು. ಗಂಡನಿಲ್ಲ. ಊರಲ್ಲಿ ತಾಯಿಯ ಹತ್ತಿರ ಬಿಟ್ಟ ಮಗಳು ಕಾಲೇಜು ಓದುತ್ತಿದ್ದಳು, ಅವಳ ಮನೆಯಲ್ಲೂ ಅದು ಮೊದಲನೆಯ ಪದವಿ. ನಮ್ಮಿಬ್ಬರ ಸ್ನೇಹಕ್ಕೆ ಅಷ್ಟು ಸಾಕಾಗಿತ್ತು.

ಅವಳ ಬಲಗಡೆಯ ಸೊಂಟದ ಕೀಲು ಸವೆದುಹೋಯಿತು. ಕೀಲು ಬದಲಿಸದೆ ದಾರಿಯಿಲ್ಲ ಎಂದರು. ನಾವು ದಿನವೂ ಕೀಲು ಬದಲಿಸಿಕೊಂಡವರ ತೋಳು ಹಿಡಿದು ಕಾರಿಡಾರಿನಲ್ಲಿ ನಡೆಸುವವರು. ಆದರೆ ಅದೇ ಕಾರಿಡಾರಿನಲ್ಲಿ ರೋಗಿಯಾಗಿ ನಡೆಯುವಷ್ಟು ನಮ್ಮ ವಿಮೆಯೂ ಇಲ್ಲ, ಸಂಬಳವೂ ಇಲ್ಲ. ಖರ್ಚು ಕೇಳಿ ಮರಿಯಾಮು ನಕ್ಕಳು. ಅವಳೂರಿನಲ್ಲೂ ಅದೇ ಕಥೆ. ಕುಂಟುತ್ತ ಕೆಲಸ ಮಾಡಿದರೆ ಗುತ್ತಿಗೆ ನವೀಕರಿಸುವುದಿಲ್ಲ ಎಂದು ಮೇಲ್ವಿಚಾರಕಿ ಮುಖಕ್ಕೇ ಹೇಳಿದ್ದಳು. ಗುತ್ತಿಗೆ ಹೋದರೆ ಮಗಳ ಓದೂ ಹೋದಂತೆ.

"ಹುಬ್ಬಳ್ಳಿಗೆ ನಡಿ," ಎಂದೆ. "ನಾನು ಓದಿದ ಊರು. ಅಲ್ಲಿ ಚಲೋ ಡಾಕ್ಟರಿದ್ದಾರೆ, ನಮ್ಮ ಕೈಗೆಟಕುವಷ್ಟೇ ಖರ್ಚು."

"ಆಮೇಲೆ? ಗಾಯ ಮಾಗುವವರೆಗೆ ಎಲ್ಲಿರಲಿ?"

"ನಮ್ಮ ಮನೆಯಲ್ಲಿ."

ಹೇಳುವುದು ಹೇಳಿಬಿಟ್ಟೆ. ನಾನು ಎಷ್ಟು ದೊಡ್ಡ ಮಾತು ಕೊಟ್ಟೆನೆಂದು ಗೊತ್ತಾಗಿದ್ದು ಆಮೇಲೆ.

ಗೋವಾದಲ್ಲಿ ವಿಮಾನ ಇಳಿದು ಘಟ್ಟ ಹತ್ತಿದೆವು. ಮಳೆ ಎಂದರೆ ಕಾರಿನ ಮೇಲೆ ಯಾರೋ ಕೊಡದಿಂದ ಸುರಿದಂತೆ. ರಾಮನಗರದಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯಾಕೆ ನನ್ನನ್ನು ಬಿಟ್ಟು ಸೀದಾ ಮರಿಯಾಮುವನ್ನೇ ಕೊಂಕಣಿಯಲ್ಲಿ ಮಾತಾಡಿಸಿದಳು: ಜೊಯಿಡಾ ಕಡೆ ಯಾವ ಊರು, ಕಾಲಿಗೆ ಏನಾಗಿದೆ, ಯಾಕೆ ಇಷ್ಟು ದಿನ ತೋರಿಸಲಿಲ್ಲ. ಮರಿಯಾಮು ತಬ್ಬಿಬ್ಬಾಗಿ ನನ್ನನ್ನು ನೋಡಿದಳು. "ಏನಂತೆ?" "ನೀನು ಇಲ್ಲಿಯವಳೇ ಅಂತ. ತಡಮಾಡಿದ್ದಕ್ಕೆ ಬೈಯುತ್ತಿದ್ದಾಳೆ." ಕಾರು ಹತ್ತಿದ ಮೇಲೂ ಅವಳು ತಿರುಗಿ ಅಂಗಡಿಯನ್ನೇ ನೋಡಿದಳು. "ಮಸ್ಕತ್ತಿನಲ್ಲಿ ಇಷ್ಟು ವರ್ಷವಾಯಿತು," ಎಂದಳು, "ಯಾರೂ ನನ್ನನ್ನು ಹೀಗೆ ಬೈದಿಲ್ಲ."

ಹುಬ್ಬಳ್ಳಿಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನವೇ ವಾಕರು ಹಿಡಿಸಿ ನಿಲ್ಲಿಸಿದರು. ಬಿಡುಗಡೆಯ ದಿನ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು: "ಸಿಸ್ಟರ್, ನಿಮಗೆ ಗೊತ್ತಿರೋದೇ. ನೆಲದ ಮೇಲೆ ಕೂರಬಾರದು. ತಗ್ಗಿನ ಕುರ್ಚಿನೂ ಬೇಡ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಹೊಸ ಕೀಲು ಜಾರುತ್ತೆ. ಜಾರಿದರೆ ಮತ್ತೆ ಇಲ್ಲಿಗೇ." ಮತ್ತೆ ಅಲ್ಲಿಗೆ ಬರುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಅಬ್ಬಾ ಎಲ್ಲ ತಯಾರಿ ಮಾಡಿಟ್ಟಿದ್ದ. ಮನೆಯಲ್ಲಿ ಮೂರು ಮರದ ಕುರ್ಚಿಗಳಿದ್ದವು, ನನ್ನ ಮೊದಲ ಸಂಬಳದವು. ಒಂದರ ನಾಲ್ಕೂ ಕಾಲಿಗೆ ಗೇಣುದ್ದದ ಮರದ ತುಂಡು ಬಡಿದು ಎತ್ತರಿಸಿ ಮರಿಯಾಮುವಿಗೆ ಇಟ್ಟಿದ್ದ. ಎಲ್ಲಿಂದಲೋ ತಂದ ಹಳೆಯ ಮುರುಕು ಕುರ್ಚಿಯ ನಡುವೆ ತೂತು ಕೊರೆದು ಕಕ್ಕಸಿಗೂ ಎತ್ತರದ ಆಸನ ಮಾಡಿದ್ದ. ನಾನು ಎಲ್ಲ ಯೋಚಿಸಿದ್ದೆ ಅಂದುಕೊಂಡಿದ್ದೆ. ದಾದಿಯನ್ನು ಯೋಚಿಸಿರಲಿಲ್ಲ.

ದಾದಿ ಕುರ್ಚಿಯ ಮೇಲೆ ಕೂರುವವಳಲ್ಲ. ಅವು ಮನೆಗೆ ಬಂದ ದಿನವೂ ಕೂತಿರಲಿಲ್ಲ. ಅವಳ ಪಾಲಿನ ಕುರ್ಚಿಯಲ್ಲಿ ಮಡಚಿದ ಕೌದಿ ಇರುತ್ತಿತ್ತು, ಒಮ್ಮೊಮ್ಮೆ ಮೇಕೆಯೂ ಇರುತ್ತಿತ್ತು. ರೂಢಿ ಇಲ್ಲ ಎಂದು ನಾವೂ ಸುಮ್ಮನಿದ್ದೆವು.

ಮರಿಯಾಮು ಬಂದ ಸಂಜೆ ಪಡಸಾಲೆ ತುಂಬ ಕೇರಿಯ ಹೆಂಗಸರು. ಎಲ್ಲರೂ ನೆಲದ ಮೇಲೆ. ದಾದಿ ಗೋಡೆಗೊರಗಿ ಕಾಲು ಚಾಚಿದ್ದಾಳೆ. ಮಧ್ಯದಲ್ಲಿ ಎತ್ತರದ ಕುರ್ಚಿಯ ಮೇಲೆ ಮರಿಯಾಮು ಒಬ್ಬಳೇ. ನಾನು ಚಹಾಕ್ಕೆ ಒಳಗೆ ಹೋದೆ. ಹೊರಗೆ ಒಮ್ಮೆಲೇ "ಯಾ ಅಲ್ಲಾ" ಎಂದು ಕೂಗು. ಓಡಿ ಬಂದು ನೋಡಿದರೆ ಮರಿಯಾಮು ವಾಕರು ಹಿಡಿದು, ಮಂಡಿ ಮಡಚಿ, ನೆಲಕ್ಕೆ ಇಳಿಯುತ್ತಿದ್ದಾಳೆ. ಅರ್ಧ ಇಳಿದವಳು ನೋವಿಗೆ ಅಲ್ಲೇ ಸಿಕ್ಕಿಕೊಂಡಿದ್ದಳು. ನಾನೂ ಅಮ್ಮಿಯೂ ಬಗಲಿಗೆ ಕೈ ಕೊಟ್ಟು ಎತ್ತಿದೆವು. ಅವಳ ಮುಖ ಬೂದಿಯಾಗಿತ್ತು. ಬಾಡಿಗೆ ಗಾಡಿಯಲ್ಲಿ ಮಲಗಿಸಿ ಹಳಿಯಾಳಕ್ಕೆ ಓಡಿದೆವು. ಕ್ಷಕಿರಣದ ಫಿಲ್ಮನ್ನು ಬೆಳಕಿಗೆ ಹಿಡಿಯುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ. ಕೀಲು ಜಾರಿರಲಿಲ್ಲ.

"ನೀನು ನರ್ಸು!" ದಾರಿಯುದ್ದಕ್ಕೂ ಬೈದೆ. "ನಿನಗೆ ಗೊತ್ತಿಲ್ಲವಾ?"

"ಗೊತ್ತು. ಆದರೆ ನಿನ್ನ ದಾದಿ ನೆಲದ ಮೇಲೆ ಕೂತಿರುವಾಗ ನಾನು ಮೇಲೆ ಹೇಗೆ ಕೂರಲಿ? ನನ್ನ ತಾಯಿಗೆ ಗೊತ್ತಾದರೆ ಮುಖ ನೋಡುವುದಿಲ್ಲ."

ಅಷ್ಟು ದೂರದ ಮೊಂಬಾಸಾದಲ್ಲೂ ಇದೇ ಮರ್ಯಾದೆ. ನಾನು ಇನ್ನು ಯಾರನ್ನು ಬೈಯಲಿ?

ಮನೆಗೆ ಬಂದು ದಾದಿಯ ಮುಂದೆ ಕೂತೆ. "ದಾದಿ, ನೀ ಕೆಳಗ ಕೂತ್ರ ಆಕೀನೂ ಕೂಡ್ತಾಳ. ಕೂತ್ರ ಕೀಲ ಜಾರತೈತಿ. ಕೀಲ ಜಾರಿದ್ರ ನೌಕರಿ ಹೋಗತೈತಿ, ಮಗಳ ಸಾಲಿ ಹೋಗತೈತಿ. ಆಕಿ ಹೋಗೂ ತನಕ ಕುರ್ಚಿ ಮ್ಯಾಲ ಕೂಡು."

"ಅದೊಂದ ಬಿಟ್ಟು ಏನರ ಹೇಳು."

"ಯಾಕ?"

ದಾದಿ ಚಾಚಿದ ಕಾಲನ್ನು ಮಡಚಿಕೊಂಡಳು. ಆಮೇಲೆ ಹೇಳಿದಳು. ಅವಳಿನ್ನೂ ಲಂಗದ ಹುಡುಗಿ. ಸಾವಕಾರರ ಮನೆಯ ಕಟ್ಟೆ ಗುಡಿಸಲು ಹೋದವಳು, ಯಾರೂ ಇಲ್ಲವೆಂದು ಅಲ್ಲಿದ್ದ ಬೆತ್ತದ ಕುರ್ಚಿಯ ಮೇಲೆ ಒಂದು ಗಳಿಗೆ ಕೂತಳು. ದೊಡ್ಡ ಸಾವಕಾರರು ನೋಡಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಇವಳ ಕೈಯಿಂದಲೇ ಕುರ್ಚಿಯನ್ನು ಕೆರೆಗೆ ಹೊರಿಸಿ, ತೊಳೆಸಿ, ಬಿಸಿಲಿಗೆ ಇಡಿಸಿದರು.

"ಹೊಡದಿದ್ರ ಮರತಬಿಡ್ತಿದ್ದೆ," ಎಂದಳು ದಾದಿ. "ಅವತ್ತ ಅಂದ್ಕೊಂಡೆ, ತೊಳಿಯೂವಂಥ ಕುರ್ಚಿ ನನಗ ಬ್ಯಾಡ."

ಇಷ್ಟು ವರ್ಷ ಈ ಮಾತನ್ನು ಅವಳು ಅಬ್ಬಾನಿಗೂ ಹೇಳಿರಲಿಲ್ಲ. ಅಬ್ಬಾ ಎದ್ದು ಹಿತ್ತಿಲಿಗೆ ಹೋದ. ಅಲ್ಲಿಂದ ಸುತ್ತಿಗೆಯ ಸದ್ದು ಕೇಳಿಸಿತು. ತಿರುಗಿ ಬಂದಾಗ ದಾದಿಯ ಕುರ್ಚಿ ಅವನ ತಲೆಯ ಮೇಲಿತ್ತು, ಅದರ ಕಾಲಿಗೂ ಗೇಣುದ್ದದ ತುಂಡುಗಳು. "ಇಬ್ಬರದೂ ಸಮ ಇರಲಿ," ಎಂದ. "ಇಲ್ಲಾಂದ್ರ ಆ ಬಾಯಿ ಮತ್ತ ಇಳದು ಕೂಡ್ತಾಳ."

ದಾದಿ ಕುರ್ಚಿಯನ್ನು ನೋಡಿದಳು. ಒಳಗೆ ಹಾಸಿಗೆಯಲ್ಲಿ ಮರಿಯಾಮು ನೋವಿಗೆ ಮುಲುಗುವುದು ಕೇಳಿಸುತ್ತಿತ್ತು. "ಆಕಿ ಸಲವಾಗಿ ಮತ್ತ," ಎಂದು ಬೆರಳೆತ್ತಿ ಹೇಳಿ, ಸೆರಗು ಬಿಗಿದು ಹತ್ತಿದಳು. ಹತ್ತಿದಳು ಎಂದೇ ಹೇಳಬೇಕು. ಗಿಡ್ಡ ಹೆಂಗಸು, ಕಾಲು ನೆಲಕ್ಕೆ ಮುಟ್ಟಲಿಲ್ಲ. ಅಬ್ಬಾ ಕಾಲ ಕೆಳಗೆ ಇಟ್ಟಂಗಿ ಇಟ್ಟ. ಘಟ್ಟ ಇಳಿಯುವ ಬಸ್ಸಿನಲ್ಲಿ ಕೂತವಳ ಹಾಗೆ ಎರಡೂ ಹಿಡಿಕೆಗಳನ್ನು ಗಟ್ಟಿಯಾಗಿ ಹಿಡಿದು ಕೂತಳು. ಬೆಳಿಗ್ಗೆ ಮರಿಯಾಮು ವಾಕರು ಹಿಡಿದು ಹೊರಗೆ ಬಂದು, ಮತ್ತೆ ಕುರ್ಚಿ ಹತ್ತಿ ಕೂತಿದ್ದ ದಾದಿಯನ್ನು ಕಂಡು ನಕ್ಕು, ಪಕ್ಕದ ಕುರ್ಚಿಯಲ್ಲಿ ಕೂತು, "ಬೀಬಿ" ಎಂದಳು.

ದಾದಿ ಹಿಗ್ಗಿದಳು. ನಮ್ಮ ಕಡೆ ದೊಡ್ಡ ಮನೆಯ ಹೆಂಗಸರಿಗಷ್ಟೇ ಬೀಬಿ ಎನ್ನುವುದು. "ನೋಡಿದ್ಯಾ? ನನಗ ಬೀಬಿ ಅಂತಾಳ!"

"ದಾದಿ, ಅವರ ಭಾಷಾದಾಗ ಬೀಬಿ ಅಂದ್ರ ಅಜ್ಜಿ ಅಂತ ಅಷ್ಟ."

"ನೀ ಸುಮ್ಕಿರು. ಆಕಿ ಏನಂದ್ಲು ಆಕೀಗೆ ಗೊತ್ತು, ನಾ ಏನ ಕೇಳಿದೆ ನನಗ ಗೊತ್ತು."

ಅವರಿಬ್ಬರ ಮಾತು ಹೇಗೆ ನಡೆಯಿತೆಂದು ಈಗಲೂ ಸೋಜಿಗ. ಮರಿಯಾಮುವಿನ ಸ್ವಾಹಿಲಿಯಲ್ಲಿ ಔಷಧಿಗೆ ದವಾ, ದಾದಿಗೆ ದವಾಖಾನಿ ಗೊತ್ತು. ಅವಳಿಗೆ ಗಾರಿ, ಇವಳಿಗೆ ಗಾಡಿ. ಅವಳಿಗೆ ದುಕಾ, ಇವಳಿಗೆ ದುಕಾನ. ಚಾಯ್ ಇಬ್ಬರಿಗೂ ಚಾಯ್. ಇಂಥ ಹತ್ತಾರು ಶಬ್ದಗಳಲ್ಲಿ ಅವರು ಮಳೆಯ ಇಡೀ ಮಧ್ಯಾಹ್ನ ಹರಟುತ್ತಿದ್ದರು. ದಾದಿ ಎಣ್ಣೆ ಕಾಸಿ ಸೊಂಟ ತಿಕ್ಕುತ್ತೇನೆಂದಳು, ನಾನು ಬಿಡಲಿಲ್ಲ. "ಇಬ್ಬರು ದಾದ್ಯಾರು ಇದ್ದಲ್ಲಿ ರೋಗಿ ಬದುಕೂದಿಲ್ಲ," ಎಂದು ಗೊಣಗಿ ಬಿಟ್ಟಳು. ಆದರೆ ದಿನವೂ ವಾಕರಿನ ಮುಂದೆ ತಾನೇ ನಡೆದು ಬಾವಿಕಟ್ಟೆಯವರೆಗೆ, ಆಮೇಲೆ ಮಸೀದಿಯವರೆಗೆ, ಆಮೇಲೆ ಡಾಂಬರು ರಸ್ತೆಯವರೆಗೆ ಅವಳನ್ನು ಕರೆದೊಯ್ಯುತ್ತಿದ್ದವಳು ದಾದಿಯೇ.

ಪರದೇಶದವರು ಮನೆಯಲ್ಲಿ ಉಳಿದರೆ ಠಾಣೆಗೆ ತಿಳಿಸಬೇಕು. ತಿಳಿಸಿದ್ದೆ. ಒಂದು ದಿನ ವಿಚಾರಿಸಲು ಹೊಸ ಪೇದೆಯೊಬ್ಬರು ರೇನ್‌ಕೋಟಿನಲ್ಲಿ ತೊಟ್ಟಿಕ್ಕುತ್ತ ಬಂದರು. ಅಮ್ಮಿಯ ನೈಟಿ ತೊಟ್ಟು, ತಲೆಗೆ ದುಪಟ್ಟಾ ಹೊದ್ದು, ಮರಿಯಾಮು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪೇದೆ ಅವಳನ್ನೇ ಕೇಳಿದರು: "ಬಾಯಾರ, ಇಲ್ಲೆ ಯಾರೋ ಫಾರಿನ್‌ದವರು ಬಂದಾರಂತಲ್ರಿ, ಎಲ್ಲದಾರ?"

ಅವಳಿಗೆ ತಿಳಿದದ್ದು ಫಾರಿನ್ ಎಂಬ ಒಂದೇ ಶಬ್ದ. ಕಣ್ಣಲ್ಲೇ ನಕ್ಕು ನನ್ನ ಕಡೆ ಬೆರಳು ಮಾಡಿದಳು. ನಾನು ಪ್ಯಾಂಟು ಹಾಕಿಕೊಂಡು, ರಜೆ ಹೆಚ್ಚಿಸಿಕೊಳ್ಳಲು ಮಸ್ಕತ್ತಿನ ಆಫೀಸಿನವರೊಡನೆ ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದೆ. ಪೇದೆ ಗಂಟಲು ಸರಿಮಾಡಿಕೊಂಡು, "ಮೇಡಂ, ಪಾಸ್‌ಪೋರ್ಟ್ ಪ್ಲೀಸ್," ಎಂದರು.

"ನಮ್ಮಪ್ಪ ಹುಟ್ಟಿದ್ದು ಈ ಊರಾಗ, ಅವರಪ್ಪ ಹುಟ್ಟಿದ್ದು ಈ ಊರಾಗ. ಪಾಸ್‌ಪೋರ್ಟ್ ಯಾಕ್ರೀ ಸಾಹೇಬ್ರ, ಬೇಕಾದ್ರ ಮಾವಿನ ಗಿಡಾನ ಕೇಳ್ರಿ."

ಅವರು ಪೆಚ್ಚಾದರು. "ಹಂಗಾದ್ರ ಫಾರಿನ್‌ದವರು ಯಾರ್ರಿ?"

ದಾದಿ ಕುರ್ಚಿಯ ಮೇಲಿಂದ ಅಂದಳು: "ನೀವ ಹುಡುಕ್ರಿ ನೋಡೂಣು."

ಅಂಗಳವಿಡೀ ನಕ್ಕಿತು, ಕಡೆಗೆ ಪೇದೆಯವರೂ ನಕ್ಕು ಚಹಾ ಕುಡಿದು ಹೋದರು. ನನ್ನ ಬೆನ್ನು ಹತ್ತಿದ್ದ ಆ ಹಳೆಯ ಪ್ರಶ್ನೆ ನಮ್ಮ ಅಂಗಳದಲ್ಲಿ ಮೊದಲ ಸಲ ಸೋತಿತ್ತು.

ನಾಟಿಯ ಹೊತ್ತಿಗೆ ಸಾವಕಾರರ ಮಗ ಬಂದ. ತೊಳೆಸಿದ ಸಾವಕಾರರು ಎಂದೋ ತೀರಿಹೋಗಿದ್ದರು. ಮಗ ತಲೆ ನರೆತವನು, ಕೆಟ್ಟವನಲ್ಲ. ಗದ್ದೆಗೆ ಹೆಣ್ಣಾಳು ಬೇಕಾದಾಗ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತು ಮಾತಾಡುವುದು ಅವನ ಪದ್ಧತಿ. ಅವನ ಬೈಕಿನ ಸದ್ದು ಕೇಳಿದರೆ ದಾದಿ ಎದ್ದು ಗೋಡೆಗೆ ಸರಿಯುವುದು ಅವಳ ಪದ್ಧತಿ.

ಬೈಕು ನಿಂತಿತು. ದಾದಿಯ ಕಾಲು ತಾನಾಗಿಯೇ ಇಟ್ಟಂಗಿ ಬಿಟ್ಟು ನೆಲ ಹುಡುಕಿತು. ಅರ್ಧ ಎದ್ದಳು. ಪಕ್ಕದಲ್ಲಿ ಮರಿಯಾಮು ಅಕ್ಕಿಯ ಮೊರ ಬದಿಗಿಟ್ಟು, ಬೀಬಿ ಏಕೆ ಇಳಿಯುತ್ತಿದ್ದಾಳೆಂದು ತಾನೂ ಇಳಿಯಲು ವಾಕರಿಗೆ ಕೈ ಹಾಕಿದಳು. ದಾದಿ ಆ ಕೈಯನ್ನು ನೋಡಿದಳು, ಸಾವಕಾರರ ಮಗನನ್ನು ನೋಡಿದಳು. ನಿಧಾನವಾಗಿ ಹಿಂದೆ ಸರಿದು ಕೂತಳು. ಕಾಲನ್ನು ಮತ್ತೆ ಇಟ್ಟಂಗಿಯ ಮೇಲೆ ಇಟ್ಟಳು. ಅವನು ಒಮ್ಮೆ ಕುರ್ಚಿಯನ್ನು, ಒಮ್ಮೆ ಅವಳನ್ನು ನೋಡಿ, ನಾಟಿಯ ಮಾತು ಮುಗಿಸಿ ಹೋದ. ದಾದಿ ಸೆರಗಿನಿಂದ ಮುಖ ಒರೆಸಿಕೊಂಡು ಮರಿಯಾಮುವಿಗೆ, "ಚಾಯ್?" ಎಂದಳು.

ಮಳೆ ಇಳಿಮುಖವಾಗುವ ಹೊತ್ತಿಗೆ ವಾಕರು ಹೋಗಿ ಕೋಲು ಬಂತು, ಕೋಲೂ ಮೂಲೆ ಸೇರಿತು. ಹಳಿಯಾಳದ ಬಸ್ಸಿನ ಮೆಟ್ಟಿಲನ್ನು ಮರಿಯಾಮು ಯಾರ ಕೈಯನ್ನೂ ಹಿಡಿಯದೆ ಹತ್ತಿದ ದಿನ ನಾನು ಕೆಳಗೆ ನಿಂತು ಅತ್ತೆ. ಕಂಡಕ್ಟರು ಅವಳಿಗೂ ಹೆಂಗಸರ ಪುಕ್ಕಟೆ ಟಿಕೇಟು ಹರಿಯಲು ಹೋಗಿ, "ಆಧಾರ್ ತೋರಸ್ರಿ ಅಕ್ಕಾರ," ಎಂದ. ಅವಳು ಪರದೇಶದವಳೆಂದು ಹೇಳಿ ದುಡ್ಡಿನ ಟಿಕೇಟು ಕೇಳಿದರೆ ನಂಬಲೇ ಇಲ್ಲ. "ಮನ್ಯಾಗ ಬಿಟ್ಟು ಬಂದೀನಿ ಅಂತ ಹೇಳ್ರಿ, ಸುಳ್ಳ ಯಾಕ ಹೇಳ್ತೀರಿ!"

ಮಸ್ಕತ್ತಿನಲ್ಲಿ ಮೇಲ್ವಿಚಾರಕಿ ಅವಳನ್ನು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿದಳು. ವಾರ್ಡಿನ ಬಾಗಿಲಲ್ಲಿ ನಾನು ನಿಂತು ಹೆಜ್ಜೆ ಎಣಿಸಿದೆ. ಅವಳು ಕುಂಟಲಿಲ್ಲ. ಗುತ್ತಿಗೆ ಉಳಿಯಿತು. ಮಗಳು ಈಗ ಕೊನೆಯ ವರ್ಷದಲ್ಲಿದ್ದಾಳೆ.

ಇದೆಲ್ಲ ನೆನೆಯುತ್ತ ನಾನು ಹೀರೇಕಾಯಿ ಕೊಯ್ದುಕೊಂಡು ಅಂಗಳಕ್ಕೆ ಬಂದೆ. ದಾದಿ ತನ್ನ ಎತ್ತರದ ಕುರ್ಚಿಯಲ್ಲಿ, ಇಟ್ಟಂಗಿಯ ಮೇಲೆ ಕಾಲಿಟ್ಟು ಕೂತಿದ್ದಳು. ಮರಿಯಾಮು ಹೋದ ಮೇಲೂ ಅವಳು ಆ ಕುರ್ಚಿ ಬಿಟ್ಟಿಲ್ಲ. ಪಕ್ಕದ ಕುರ್ಚಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅಷ್ಟರಲ್ಲಿ ಬೈಕು ಬಂತು. ಅದೇ ಸಾವಕಾರರ ಮಗ.

"ಏನಬೇ ದಾದಿ, ಕುರ್ಚಿ ಭಾಳ ಗಟ್ಟಿ ಹಿಡದೀಯಲ್ಲ," ಎಂದ ನಗುತ್ತ.

"ಏನ ಮಾಡ್ಲಿ ಸಾವಕಾರ, ಕೆಳಗ ಕೂಡಬಾರದಂತ ಹೇಳ್ಯಾರ."

"ಯಾವ ಡಾಕ್ಟರ ಹೇಳ್ಯಾರ?"

"ಡಾಕ್ಟರ ಅಲ್ಲ. ದಾದಿ ಹೇಳ್ಯಾಳ."

ಅವನು ನನ್ನನ್ನು ನೋಡಿದ. ಯಾವ ದಾದಿ, ನಾನೋ, ಮರಿಯಾಮುವೋ, ಸ್ವತಃ ಅವಳೋ ಎಂದು ಕೇಳಲಿಲ್ಲ. ದಾದಿ ಕೈ ಬೀಸಿ ನನಗೆ ಹೇಳಿದಳು: "ನಿಂತು ನೋಡ್ತೀ ಏನ? ಒಳಗಿಂದೊಂದು ಕುರ್ಚಿ ತಾ. ಅವರೂ ಕೂಡ್ಲಿ."

ಒಳಗೆ ಉಳಿದಿದ್ದದ್ದು ತುಂಡು ಬಡಿಯದ ಸಾದಾ ಕುರ್ಚಿ. ತಂದು ಹಾಕಿದೆ. ಸಾವಕಾರರ ಮಗ ಒಂದು ಗಳಿಗೆ ತಡೆದು, ಕೂತ. ದಾದಿಗಿಂತ ಒಂದು ಗೇಣು ಕೆಳಗೆ.